ಈ ಪತ್ರ ಯಾವ ಭಾಷೆಯದು?

ಬಳ್ಳಾರಿಯ ಪಾರ್ವತಿನಗರದ ಒಂದು ಮನೆಯಲ್ಲಿ ನಿವೃತ್ತರೊಬ್ಬರು ಕೂತು ಇ-ಮೇಲ್ ಬರೆಯುತ್ತಿದ್ದಾರೆ ಎಂದುಕೊಳ್ಳೋಣ. ಹಿರಿಯರ ಕಾಲದ ಹೊಲದ ಪಾಲಿನ ವಿಷಯ. ಸ್ವಲ್ಪ ಭೂಮಿ ಸಿರುಗುಪ್ಪದ ಕಡೆಗಿದೆ, ಸ್ವಲ್ಪ ಆದೋನಿಯ ಕಡೆಗಿದೆ. ಪತ್ರ ಹೋಗಬೇಕಾದದ್ದು ಮೂವರಿಗೆ: ಸಿರುಗುಪ್ಪದ ತಮ್ಮನಿಗೆ, ಆದೋನಿಯಲ್ಲಿರುವ ಅತ್ತಿಗೆಗೆ, ಹೈದರಾಬಾದಿನಲ್ಲಿ ಕೆಲಸ ಮಾಡುವ ಅಣ್ಣನ ಮಗನಿಗೆ. ತಮ್ಮನಿಗೆ ಕನ್ನಡದಲ್ಲಿ ಎರಡು ಸಾಲು: ‘ಈ ವರ್ಷದ ಪಹಣಿ ತೆಗೆಸಿ ಇಟ್ಟೀನಿ.’ ಅತ್ತಿಗೆಗೆ ತೆಲುಗಿನಲ್ಲಿ ಒಂದು ಸಾಲು. ಆದರೆ ಇವರು ಓದಿದ್ದು ಕನ್ನಡ ಶಾಲೆಯಲ್ಲಿ. ತೆಲುಗು ಆಡಲು ಬರುತ್ತದೆ, ಅದರ ಲಿಪಿ ಕೈಗೆ ಹತ್ತಿಲ್ಲ. ಹಾಗಾಗಿ ‘ವದಿನಾ, ಅಡಂಗಲ್ ಕಾಪೀ ಪಂಪಂಡಿ’ ಎಂದು ಕನ್ನಡ ಅಕ್ಷರದಲ್ಲೇ ಬರೆಯುತ್ತಾರೆ. ಅಣ್ಣನ ಮಗನಿಗೆ ಇಂಗ್ಲಿಷಿನಲ್ಲಿ ಒಂದು ಪ್ಯಾರಾ. ಪತ್ರ ಮುಗಿಯುವ ಹೊತ್ತಿಗೆ ಪರದೆಯ ತುಂಬ ಕೆಂಪು ಗೆರೆಗಳು.

ಮನೆಯವರಿಗೆ ಈ ಪತ್ರ ಅರ್ಥವಾಗುತ್ತದೆ. ಯಾರಿಗೂ ಅದರಲ್ಲಿ ತಪ್ಪು ಕಾಣುವುದಿಲ್ಲ. ಕಾಗುಣಿತ ತಿದ್ದುವ ತಂತ್ರಾಂಶ ಮಾತ್ರ ಮೊದಲ ಪ್ರಶ್ನೆಯಲ್ಲೇ ಎಡವಿದೆ: ಇದು ಯಾವ ಭಾಷೆ? ಆ ಪ್ರಶ್ನೆಗೆ ಉತ್ತರ ಸಿಕ್ಕದೆ ಯಾವ ನಿಘಂಟು ತೆರೆಯಬೇಕೆಂದು ಅದಕ್ಕೆ ತಿಳಿಯದು. ತಪ್ಪು ನಿಘಂಟು ತೆರೆದರೆ ಸರಿಯಾದ ಮಾತೆಲ್ಲ ತಪ್ಪಾಗುತ್ತದೆ.

ಯಂತ್ರಕ್ಕೆ ಈ ಪ್ರಶ್ನೆ ಎದುರಾಗಿ ಕೆಲವು ದಶಕಗಳಾದವು. ಬಳ್ಳಾರಿಗೆ ಇದು ಬಹಳ ಹಳೆಯದು. ಮಿಷನರಿಗಳು ಇಲ್ಲಿ ನಿಘಂಟು ಕಟ್ಟಲು ಕೂತಾಗ ಅದು ಬಂತು. 1953ರಲ್ಲಿ ನಾಡಿನ ಗಡಿ ಎಳೆಯುವಾಗ ಮತ್ತೆ ಬಂತು. ಈ ಪ್ರಶ್ನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಆ ಕೆಂಪು ಗೆರೆ ಎಲ್ಲಿಂದ ಬಂತೆಂಬುದು ಇನ್ನಷ್ಟು ಸ್ಪಷ್ಟವಾಗುತ್ತದೆ.

ಎರಡು ಲಿಪಿಗಳನ್ನು ಬೆರೆಸಿ ಬರೆಯುವುದು ಈ ಸೀಮೆಯಲ್ಲಿ ಇಂದಿನ ಚಾಳಿಯಲ್ಲ. ಸಿರುಗುಪ್ಪ ಸೀಮೆಯ ನಿಟ್ಟೂರು ಮತ್ತು ಉಡೇಗೋಳಂಗಳಲ್ಲಿ ಅಶೋಕನ ಶಾಸನಗಳಿವೆ. ಅಶೋಕ ಎಂಬ ಹೆಸರೇ ಕಾಣಿಸುವ ಕೆಲವೇ ಶಾಸನಗಳಲ್ಲಿ ಇವು ಸೇರುತ್ತವೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಇಲ್ಲಿನ ಜನ ಅಂದು ಮನೆಯಲ್ಲಿ ಆಡುತ್ತಿದ್ದ ಮಾತು ಪ್ರಾಕೃತವಾಗಿರಲಿಲ್ಲ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ನೆಲೆಗಳಿವೆ. ಅಲ್ಲಿನ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಅವನ್ನು ಬರೆದ ಲಿಪಿಕಾರನ ಹೆಸರು ಚಪಡ. ಇಡೀ ಶಾಸನವನ್ನು ಎಡದಿಂದ ಬಲಕ್ಕೆ ಬ್ರಾಹ್ಮಿಯಲ್ಲಿ ಬರೆಸಿದ ಆತ, ಕೊನೆಯಲ್ಲಿ ತಾನು ಲಿಪಿಕಾರ ಎಂದು ಹೇಳಿಕೊಳ್ಳುವ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಬರೆದಿದ್ದಾನೆ. ಖರೋಷ್ಠಿ ವಾಯವ್ಯ ಗಡಿನಾಡಿನ ಲಿಪಿ. ಆತ ಅಲ್ಲಿಂದ ಬಂದವನಿರಬಹುದು, ಅಥವಾ ಅಲ್ಲಿ ಕೆಲಸ ಕಲಿತವನಿರಬಹುದು ಎಂದು ವಿದ್ವಾಂಸರು ಊಹಿಸಿದ್ದಾರೆ. ಸರ್ಕಾರದ ಮಾತು ಒಂದು ಲಿಪಿಯಲ್ಲಿ, ತನ್ನ ಸಹಿ ಇನ್ನೊಂದು ಲಿಪಿಯಲ್ಲಿ. ಇಂದಿನ ಕಚೇರಿ ಪತ್ರದ ಕೆಳಗೆ ನಾವು ಮಾಡುವುದೂ ಹೆಚ್ಚುಕಡಿಮೆ ಇದನ್ನೇ.

ಇದರ ತಿರುಗುಮುರುಗೂ ಇತ್ತು. ಬಹಳ ಕಾಲ ಕನ್ನಡ ಮತ್ತು ತೆಲುಗಿಗೆ ಹೆಚ್ಚುಕಡಿಮೆ ಒಂದೇ ಲಿಪಿ. ಶಾಸನತಜ್ಞರು ಅದನ್ನು ಕನ್ನಡ-ತೆಲುಗು ಲಿಪಿ ಎಂದೇ ಕರೆಯುತ್ತಾರೆ. ಅಕ್ಷರದ ಆಕಾರ ನೋಡಿ ಭಾಷೆ ಹೇಳುವಂತಿರಲಿಲ್ಲ, ಓದಿಯೇ ತಿಳಿಯಬೇಕಿತ್ತು. ಎರಡರ ನಡುವಿನ ಗೆರೆ ಮುದ್ರಣದ ಅಚ್ಚುಮೊಳೆಗಳು ಬಂದಮೇಲೆ ಗಟ್ಟಿಯಾಯಿತು. ತಲೆಕಟ್ಟಿನ ರೂಪ ಬೇರೆಯಾಯಿತು, ಪುಸ್ತಕಗಳು ಬೇರೆಯಾದವು, ಓದುಗರೂ ಬೇರೆಯಾದರು.

ಆ ಮುದ್ರಣಯುಗದ ಆರಂಭಕ್ಕೆ ಬಳ್ಳಾರಿಯ ಪಾಲು ದೊಡ್ಡದು. 1800ರಲ್ಲಿ ಹೈದರಾಬಾದಿನ ನಿಜಾಮ ಈ ಭಾಗವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ದತ್ತ ಮಂಡಲಗಳೆಂಬ ಹೆಸರು ಬಿತ್ತು, ಥಾಮಸ್ ಮನ್ರೋ ಕಲೆಕ್ಟರಾಗಿ ಬಂದ. 1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದರು. ಅವರ ಹಿಂದೆ ಬಂದ ವಿಲಿಯಂ ರೀವ್ ಕನ್ನಡದ ಪದಗಳನ್ನು ಕೂಡಿಹಾಕಲು ಕೂತರು. ರೀವ್ ಅವರ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿ, ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಮದರಾಸಿನಲ್ಲಿ ಅಚ್ಚಾದವು. 1858ರಲ್ಲಿ ಡೇನಿಯಲ್ ಸ್ಯಾಂಡರ್ಸನ್ ಅದನ್ನು ಪರಿಷ್ಕರಿಸಿ ಬೆಂಗಳೂರಿನಲ್ಲಿ ಹೊರತಂದರು. 1894ರಲ್ಲಿ ಮಂಗಳೂರಿನಿಂದ ಬಂದ ಕಿಟ್ಟೆಲ್ ಕೋಶಕ್ಕೆ ಈ ದಾರಿ ಮೊದಲೇ ಬಿದ್ದಿತ್ತು.

ಬಳ್ಳಾರಿಯಂಥ ಊರಿನಲ್ಲಿ ಕೂತು ನಿಘಂಟು ಕಟ್ಟುವವನಿಗೆ ದಿನವೂ ಎದುರಾಗುವ ಪ್ರಶ್ನೆ: ಸಂತೆಯಲ್ಲಿ ಕೇಳಿದ ಈ ಪದ ಕನ್ನಡವೋ ಅಲ್ಲವೋ? ಜಮೀನು, ರೈತ, ಸರ್ಕಾರ ಎಲ್ಲವೂ ಪಾರಸಿ, ಅರಬ್ಬಿಗಳಿಂದ ಬಂದವು. ಮರಾಠಿಯಿಂದ ಬಂದವು, ತೆಲುಗಿನ ಜೊತೆ ಹಂಚಿಕೊಂಡವು ಲೆಕ್ಕವಿಲ್ಲದಷ್ಟು. ಕಿಟ್ಟೆಲ್ ಇದಕ್ಕೆ ಕಂಡುಕೊಂಡ ದಾರಿ ಸರಳ: ಪದವನ್ನು ಒಳಗೆ ಬಿಟ್ಟುಕೊಂಡು, ಅದು ಎಲ್ಲಿಂದ ಬಂತೆಂದು ಪಕ್ಕದಲ್ಲಿ ಗುರುತು ಹಾಕಿದರು. ಜನ ಬಳಸುತ್ತಿದ್ದರೆ ಅದು ಕನ್ನಡದ ಕೋಶಕ್ಕೆ ಸೇರಿತು, ಮೂಲ ಬೇರೆಯಾದರೂ. ಈ ಉದಾರತೆಯನ್ನು ನೆನಪಿನಲ್ಲಿಡಬೇಕು. ಗಣಕದ ಪದಪಟ್ಟಿಗೆ ಅದು ಬರಲಿಲ್ಲ.

ಎರಡನೆಯ ಸಲ ಪ್ರಶ್ನೆ ಬಂದಾಗ ರಕ್ತವೂ ಬಿತ್ತು. ಮದರಾಸು ರಾಜ್ಯದಿಂದ ಆಂಧ್ರವನ್ನು ಬೇರ್ಪಡಿಸುವಾಗ ಬಳ್ಳಾರಿ ಜಿಲ್ಲೆಯನ್ನು ಏನು ಮಾಡಬೇಕೆಂಬ ಮಾತು ಎದ್ದಿತು. ಜಿಲ್ಲೆಯನ್ನು ತಾಲ್ಲೂಕು ತಾಲ್ಲೂಕಾಗಿ ನೋಡಲಾಯಿತು. ಆದೋನಿ, ಆಲೂರು, ರಾಯದುರ್ಗ ಈ ಮೂರು ಆಂಧ್ರಕ್ಕೆ. ಬಳ್ಳಾರಿ ತಾಲ್ಲೂಕೊಂದನ್ನು ಬಿಟ್ಟು ಉಳಿದವು ಮೈಸೂರಿಗೆ. ಬಳ್ಳಾರಿ ತಾಲ್ಲೂಕು ಮಾತ್ರ ಯಾವ ಕಡೆಗೂ ಸಲೀಸಾಗಿ ವಾಲಲಿಲ್ಲ. ಕನ್ನಡ, ತೆಲುಗು, ಉರ್ದು ಮೂರೂ ಊರಿನೊಳಗೆ ಹೆಣೆದುಕೊಂಡಿದ್ದವು. ಅದಕ್ಕಾಗಿಯೇ ನ್ಯಾಯಮೂರ್ತಿ ಎಲ್.ಎಸ್. ಮಿಶ್ರ ಅವರನ್ನು ನೇಮಿಸಬೇಕಾಯಿತು. ತಾಲ್ಲೂಕು ಮೈಸೂರಿಗೆ ಸೇರಲಿ ಎಂದು ಅವರು ಶಿಫಾರಸು ಮಾಡಿದರು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆ ಸಂಭ್ರಮಕ್ಕೆಂದು ಹಾಕಿದ್ದ ಚಪ್ಪರವನ್ನು ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬ್ ಆಸಿಡ್ ದಾಳಿಗೆ ತುತ್ತಾಗಿ ಪ್ರಾಣ ಬಿಟ್ಟರು. ಕರ್ನಾಟಕ ಏಕೀಕರಣದ ಹುತಾತ್ಮರ ಸಾಲಿನಲ್ಲಿ ಅವರ ಹೆಸರು ಮೊದಲಿಗೆ ಬರುತ್ತದೆ.

ಅಷ್ಟಕ್ಕೂ ವಿಷಯ ಮುಗಿಯಲಿಲ್ಲ. ಫಜಲ್ ಅಲಿ ನೇತೃತ್ವದ ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ವರದಿಯಲ್ಲಿ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಬೇಕೆಂದಿತು. ಅದರ ಮುಖ್ಯ ಕಾರಣ ಭಾಷೆಯಲ್ಲ, ತುಂಗಭದ್ರಾ ಯೋಜನೆ ಮತ್ತು ಆಡಳಿತದ ಅನುಕೂಲ. ಕೇಂದ್ರ ಸರ್ಕಾರ ಅದನ್ನು ಒಪ್ಪಲಿಲ್ಲ. 1956ರ ನವೆಂಬರ್ 1ರಂದು ಈ ತಾಲ್ಲೂಕುಗಳು ಹೊಸ ಮೈಸೂರು ರಾಜ್ಯದಲ್ಲೇ ಉಳಿದವು.

ಯಾರು ಗೆದ್ದರು, ಯಾರು ಸೋತರು ಎಂಬ ಲೆಕ್ಕ ಇಲ್ಲಿ ಬೇಡ. ನಮ್ಮ ವಿಷಯಕ್ಕೆ ಬೇಕಾದದ್ದು ಒಂದೇ: ಭಾಷೆ ಯಾವುದೆಂದು ನಿರ್ಧರಿಸುವ ಮೊದಲು, ಯಾವುದರ ಭಾಷೆ ಎಂದು ನಿರ್ಧರಿಸಬೇಕು. ಜಿಲ್ಲೆಯದೋ, ತಾಲ್ಲೂಕಿನದೋ, ಹಳ್ಳಿಯದೋ, ಮನೆಯದೋ? ಅಳತೆಯ ತುಂಡು ದೊಡ್ಡದಾದಷ್ಟೂ ಬಹುಮತ ಸ್ಪಷ್ಟ, ಆದರೆ ಅದರೊಳಗೆ ಮುಚ್ಚಿಹೋಗುವವರೂ ಹೆಚ್ಚು. ತುಂಡು ಚಿಕ್ಕದಾದಷ್ಟೂ ಒಬ್ಬೊಬ್ಬರಿಗೂ ನ್ಯಾಯ, ಆದರೆ ಗಡಿ ಎಳೆಯಲು ಸಾಧ್ಯವೇ ಆಗದು. ತಾಲ್ಲೂಕನ್ನು ಅಳತೆಯಾಗಿ ಹಿಡಿದಾಗ ಪಾರ್ವತಿನಗರದ ನಮ್ಮ ಪತ್ರಲೇಖಕರ ಹೊಲ ಎರಡು ರಾಜ್ಯಗಳಿಗೆ ಸೇರಿತು. ಒಂದೇ ಹೊಲದ ದಾಖಲೆಗೆ ಈ ಕಡೆ ಪಹಣಿ ಎಂದು ಹೆಸರು, ಆ ಕಡೆ ಅಡಂಗಲ್ ಎಂದು.

ಇದೇ ತೊಡಕು ಈಗ ಗಣಕದೊಳಗೆ ಕೂತಿದೆ.

ಕಾಗುಣಿತ ಪರೀಕ್ಷೆಯ ಕಥೆ ಅಮೆರಿಕದಲ್ಲಿ ಆರಂಭವಾಗುತ್ತದೆ. 1961ರಲ್ಲಿ ಲೆಸ್ ಅರ್ನೆಸ್ಟ್ ಎಂಬವರು ಕೈಬರಹವನ್ನು ಯಂತ್ರದಿಂದ ಓದಿಸುವ ಪ್ರಯೋಗದಲ್ಲಿ 10,000 ಇಂಗ್ಲಿಷ್ ಪದಗಳ ಪಟ್ಟಿಯನ್ನು ಬಳಸಿದರು. 1971ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಾಲ್ಫ್ ಗೋರಿನ್ ಕಾಗುಣಿತ ತಿದ್ದುವುದಕ್ಕೆಂದೇ ಒಂದು ತಂತ್ರಾಂಶ ಬರೆದರು. ಪಟ್ಟಿಯಲ್ಲಿದ್ದರೆ ಸರಿ, ಇಲ್ಲದಿದ್ದರೆ ತಪ್ಪು, ತತ್ವ ಇಷ್ಟೇ. ಭಾಷೆ ಯಾವುದೆಂಬ ಪ್ರಶ್ನೆ ಏಳಲೇ ಇಲ್ಲ, ಇದ್ದದ್ದು ಒಂದೇ ಭಾಷೆ. 1995ರ ಮೈಕ್ರೋಸಾಫ್ಟ್ ವರ್ಡ್ ಬರೆಯುತ್ತಿರುವಾಗಲೇ ಕೆಂಪು ಗೆರೆ ಎಳೆಯಲು ಆರಂಭಿಸಿತು. ಅಲ್ಲಿಂದ ತಪ್ಪು ಎಂಬುದು ಬರೆದು ಮುಗಿಸಿದ ಮೇಲೆ ಕೇಳುವ ಮಾತಾಗಿ ಉಳಿಯಲಿಲ್ಲ. ಬರೆಯುವ ಕೈಯನ್ನೇ ಹಿಡಿದು ನಿಲ್ಲಿಸುವ ಮಾತಾಯಿತು.

ಭಾಷೆಯನ್ನು ತಾನಾಗಿ ಗುರುತಿಸುವ ವಿದ್ಯೆ ಬೇರೆ ದಾರಿಯಲ್ಲಿ ಬೆಳೆಯಿತು. 1994ರಲ್ಲಿ ಕ್ಯಾವ್ನರ್ ಮತ್ತು ಟ್ರೆಂಕಲ್ ಎಂಬ ಇಬ್ಬರು ಒಂದು ಸರಳ ಉಪಾಯವನ್ನು ಪ್ರಕಟಿಸಿದರು. ಪ್ರತಿ ಭಾಷೆಯಲ್ಲೂ ಕೆಲವು ಅಕ್ಷರಗುಚ್ಛಗಳು ಮತ್ತೆ ಮತ್ತೆ ಬರುತ್ತವೆ. ಕನ್ನಡದಲ್ಲಾದರೆ ‘ಅಲ್ಲಿ’, ‘ಗಳು’, ‘ದ್ದಾ’ ಎಂಬಂಥವು. ಎದುರಿಗಿರುವ ಬರಹದಲ್ಲಿ ಯಾವ ಗುಚ್ಛ ಎಷ್ಟು ಸಲ ಬಂದಿದೆಯೆಂದು ಎಣಿಸಿ, ಆ ಪಟ್ಟಿ ಯಾವ ಭಾಷೆಯ ಪಟ್ಟಿಗೆ ಹತ್ತಿರವೋ ಅದೇ ಅದರ ಭಾಷೆ. ಯುರೋಪಿನ ಭಾಷೆಗಳ ಬರಹಗಳ ಮೇಲೆ ಪ್ರಯೋಗಿಸಿದಾಗ ಶೇ 99.8ರಷ್ಟು ಸರಿಯಾದ ಉತ್ತರ ಬಂತು. ಆದರೆ ಅವರ ಮುಂದಿದ್ದದ್ದು ಇಡೀ ಲೇಖನಗಳು. ಎಣಿಸಲು ಸಾಮಗ್ರಿ ಸಾಕಷ್ಟಿದ್ದರೆ ಎಣಿಕೆ ನಂಬಬಹುದು. ‘ಕಾಪೀ ಪಂಪಂಡಿ’ ಎಂಬ ಎರಡು ಪದ ಕೊಟ್ಟು ಭಾಷೆ ಹೇಳೆಂದರೆ ಯಂತ್ರ ತಡವರಿಸುತ್ತದೆ. ಇಡೀ ಪತ್ರವನ್ನು ಒಂದೇ ತುಂಡಾಗಿ ನೋಡಿದರೆ ತೆಲುಗು ಸಾಲು ಮುಚ್ಚಿಹೋಗುತ್ತದೆ, ಪದ ಪದವಾಗಿ ನೋಡಿದರೆ ಯಾವುದನ್ನೂ ನಿಶ್ಚಯವಾಗಿ ಹೇಳಲಾಗದು. 1953ರಲ್ಲಿ ತಾಲ್ಲೂಕೋ ಹಳ್ಳಿಯೋ ಎಂಬ ಮಾತಿನಲ್ಲಿದ್ದ ಕಷ್ಟವೇ ಇದು.

ಭಾರತದ ಭಾಷೆಗಳಿಗೆ ಇದಕ್ಕಿಂತ ಸುಲಭದ ದಾರಿಯೊಂದು ಇದೆ ಎನಿಸುತ್ತದೆ. ಲಿಪಿ ನೋಡಿದರೆ ಭಾಷೆ ತಿಳಿಯುತ್ತದಲ್ಲ! 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಒಂದು ಕೇರಿ ಸಿಕ್ಕಿತು. ಅದಕ್ಕೆ ಅಂಟಿಕೊಂಡಂತೆ ಹಿಂದಿನ ಕೇರಿ ತೆಲುಗಿನದು. ಎರಡರಲ್ಲೂ ಅಕ್ಷರಗಳು ಬಹುಮಟ್ಟಿಗೆ ಒಂದೇ ಕ್ರಮದಲ್ಲಿವೆ: ಕನ್ನಡದ ‘ಅ’ ಇರುವ ಸಂಖ್ಯೆಯಿಂದ 128 ಕಳೆದರೆ ತೆಲುಗಿನ ‘ಅ’. ಒಂದು ಕಾಲದಲ್ಲಿ ಒಂದೇ ಆಗಿದ್ದ ಲಿಪಿಗಳು ಈಗ ಅಕ್ಕಪಕ್ಕದ ಮನೆಗಳಲ್ಲಿವೆ. ಅಕ್ಷರದ ಸಂಖ್ಯೆ ನೋಡಿದ ಕ್ಷಣಕ್ಕೆ ಯಂತ್ರ ಇದು ಕನ್ನಡ, ಅದು ತೆಲುಗು ಎಂದುಬಿಡುತ್ತದೆ.

ಕರ್ನಾಟಕದಲ್ಲಿ ಈ ದಾರಿ ಬಹುಕಾಲ ಮುಚ್ಚಿತ್ತು. 1990ರ ದಶಕದ ಕೊನೆಯಿಂದ ನಮ್ಮ ಕಚೇರಿ, ಪತ್ರಿಕೆ, ಅಚ್ಚುಮನೆಗಳಲ್ಲಿ ಕನ್ನಡ ಬಂದದ್ದು ಹೆಚ್ಚಾಗಿ ಬರಹ, ನುಡಿ ಮುಂತಾದ ತಂತ್ರಾಂಶಗಳ ಅಕ್ಷರವಿನ್ಯಾಸಗಳ ಮೂಲಕ. ಬರಹವನ್ನು ಶೇಷಾದ್ರಿವಾಸು 1998ರಲ್ಲಿ ಹೊರತಂದರು, ನುಡಿಯನ್ನು ಕನ್ನಡ ಗಣಕ ಪರಿಷತ್ತು ರೂಪಿಸಿತು. ಅವುಗಳಿಂದ ಆದ ಉಪಕಾರ ಸಣ್ಣದಲ್ಲ. ಆದರೆ ಆ ಹಳೆಯ ಪದ್ಧತಿಯಲ್ಲಿ ಪರದೆಯ ಮೇಲೆ ಕಾಣುವುದು ಕನ್ನಡ, ಕಡತದೊಳಗೆ ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಖ್ಯೆಗಳು. ಯಂತ್ರದ ಕಣ್ಣಿಗೆ ಅದು ಕೆಟ್ಟುಹೋದ ಇಂಗ್ಲಿಷ್. ಹಾಗಾಗಿ ಇಡೀ ಪುಟಕ್ಕೆ ಕೆಂಪು ಗೆರೆ. ಆ ಕಾಲದಲ್ಲಿ ಕನ್ನಡ ಟೈಪು ಮಾಡಲು ಕಲಿತವರು ಮೊದಲು ಕಲಿತ ಕೆಲಸಗಳಲ್ಲಿ ಒಂದು, ಕಾಗುಣಿತ ಪರೀಕ್ಷೆಯನ್ನು ಆರಿಸಿಬಿಡುವುದು. ಯೂನಿಕೋಡ್ ಬಂದು, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಅಕ್ಷರವಿನ್ಯಾಸ ಸಿಕ್ಕಮೇಲೂ ಆ ರೂಢಿ ಎಷ್ಟೋ ಕಚೇರಿಗಳಲ್ಲಿ ಉಳಿಯಿತು. ಒಂದು ತಲೆಮಾರಿನ ಕನ್ನಡ ಟೈಪುಗಾರರಿಗೆ ಕೆಂಪು ಗೆರೆ ಎಂದರೆ ಅರ್ಥವಿಲ್ಲದ ಗದ್ದಲ.

ಈಗ ಲಿಪಿ ಯಂತ್ರಕ್ಕೆ ತಿಳಿಯುತ್ತದೆ. ಆದರೆ ಲಿಪಿ ಭಾಷೆಯಲ್ಲ. ಕನ್ನಡ ಲಿಪಿಯಲ್ಲಿ ತುಳು ಬರೆಯುತ್ತಾರೆ, ಕೊಡವ ಬರೆಯುತ್ತಾರೆ, ಕರಾವಳಿಯಲ್ಲಿ ಕೊಂಕಣಿ ಮತ್ತು ಬ್ಯಾರಿ ಬರೆಯುತ್ತಾರೆ. ನಮ್ಮ ಪತ್ರಲೇಖಕರಂಥವರು ತೆಲುಗು ಬರೆಯುತ್ತಾರೆ. ಇವೆಲ್ಲಕ್ಕೂ ಯಂತ್ರ ಕನ್ನಡದ ನಿಘಂಟನ್ನೇ ತೆರೆದು ತಪ್ಪು ಎನ್ನುತ್ತದೆ. ರೋಮನ್ ಲಿಪಿಯಲ್ಲಿ ಬರೆದ ಕನ್ನಡವಂತೂ ಅದಕ್ಕೆ ಇಂಗ್ಲಿಷೇ. ಬಳ್ಳಾರಿಯಲ್ಲಿ ಅಚ್ಚ ಕನ್ನಡಿಗರೂ ಇದರಿಂದ ಪಾರಾಗುವುದಿಲ್ಲ: ‘ಇಟ್ಟೀನಿ’, ‘ಹೋಗ್ಯಾರ’, ‘ಮಾಡಾಕ ಹತ್ತೀವಿ’ ಎಂದು ಮನೆಯ ಮಾತು ಬರೆದರೆ ಅದೂ ತಪ್ಪು. ಪದಪಟ್ಟಿಗೆ ತಿಳಿದಿರುವುದು ಪಠ್ಯಪುಸ್ತಕದ ಕನ್ನಡ.

ಇನ್ನೊಂದು ತೊಡಕು ಕನ್ನಡದ ಸ್ವಭಾವದಲ್ಲೇ ಇದೆ. ಇಂಗ್ಲಿಷಿನ ಒಂದು ಹೆಸರುಪದಕ್ಕೆ ಎರಡು ಮೂರು ರೂಪ. ಕನ್ನಡದ ‘ಮನೆ’ ಮನೆಯಲ್ಲಿ, ಮನೆಗಳಿಂದಲೂ, ಮನೆಯಲ್ಲಿದ್ದವರಿಗೆ ಎಂದು ಬೆಳೆಯುತ್ತಲೇ ಹೋಗುತ್ತದೆ. ಎಲ್ಲ ರೂಪಗಳನ್ನೂ ಪಟ್ಟಿ ಮಾಡಲಾಗದು, ಬೇರು ಮತ್ತು ಪ್ರತ್ಯಯಗಳ ನಿಯಮ ಹೇಳಿಕೊಡಬೇಕು. ಹಂಗೇರಿಯನ್ ಭಾಷೆಗೂ ಇದೇ ಕಷ್ಟವಿತ್ತು. ಲಾಸ್ಲೋ ನೇಮೆತ್ ಎಂಬವರು ಆ ಭಾಷೆಗಾಗಿ ಹನ್‌ಸ್ಪೆಲ್ ಎಂಬ ಮುಕ್ತ ತಂತ್ರಾಂಶ ಕಟ್ಟಿದರು. ಇಂದು ಜಗತ್ತಿನ ಬಹಳಷ್ಟು ಬ್ರೌಸರುಗಳು ಅದನ್ನೇ ನೆಚ್ಚಿವೆ. ಯಂತ್ರ ಸಿದ್ಧವಿದೆ, ಅದಕ್ಕೆ ಉಣಿಸುವ ಕನ್ನಡದ ಪದ ಮತ್ತು ನಿಯಮಗಳು ಇನ್ನೂ ಸಾಲದು. ‘ಮೀಟಿಂಗ್‌ಗೆ’ ಎಂಬ ಒಂದು ಪದ ನೋಡಿ. ಗಕಾರದ ಒತ್ತು ಬೀಳದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇಡಬೇಕು. ಒಬ್ಬರು ಇಡುತ್ತಾರೆ, ಒಬ್ಬರು ಇಡುವುದಿಲ್ಲ. ಯಂತ್ರಕ್ಕೆ ಅವು ಎರಡು ಬೇರೆ ಪದಗಳು.

ಪದಗಳು ಇಲ್ಲವೆಂದಲ್ಲ. ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ಬೃಹತ್ ನಿಘಂಟನ್ನು ದಶಕಗಳ ದುಡಿಮೆಯಿಂದ ಕಟ್ಟಿತು. ವಿ. ಕೃಷ್ಣ ಅವರು ಹಲವು ದಶಕ ಒಬ್ಬರೇ ಕೂತು ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳನ್ನು ಕೂಡಿಸಿದ ‘ಅಲರ್’ ಕನ್ನಡ-ಇಂಗ್ಲಿಷ್ ಕೋಶ 2019ರಲ್ಲಿ ಎಲ್ಲರೂ ಮುಕ್ತವಾಗಿ ಬಳಸುವಂತೆ ಅಂತರಜಾಲಕ್ಕೆ ಬಂತು. ರೀವ್ ಬಳ್ಳಾರಿಯಲ್ಲಿ ಹಿಡಿದ ಕೆಲಸದ ಮುಂದುವರಿಕೆಯೇ ಇದು. ಪದ ಎಲ್ಲಿಂದ ಬಂತು, ಯಾವ ಸೀಮೆಯದು ಎಂಬ ಕಿಟ್ಟೆಲ್ ಗುರುತುಗಳನ್ನೂ ಯಂತ್ರಕ್ಕೆ ಕಲಿಸಿದರೆ ‘ಇಟ್ಟೀನಿ’ ತಪ್ಪಲ್ಲ, ಇನ್ನೊಂದು ಸೀಮೆಯ ಸರಿ ಎಂದು ಅದಕ್ಕೆ ತಿಳಿಯಬಹುದು.

ಇತ್ತೀಚೆಗೆ ಒಂದು ಒಳ್ಳೆಯ ಬದಲಾವಣೆಯಾಗಿದೆ. ಭಾಷೆ ಯಾವುದೆಂದು ಒಂದನ್ನೇ ಆರಿಸುವ ಹಟವನ್ನು ಕೆಲವು ತಂತ್ರಾಂಶಗಳು ಬಿಟ್ಟಿವೆ. 2022ರಲ್ಲಿ ಬಂದ ಫೈರ್‌ಫಾಕ್ಸ್‌ನ 100ನೇ ಆವೃತ್ತಿಯಿಂದ ಎರಡು ಮೂರು ನಿಘಂಟುಗಳನ್ನು ಒಟ್ಟಿಗೆ ತೆರೆದಿಡಬಹುದು. ಪದ ಯಾವುದಾದರೂ ಒಂದರಲ್ಲಿದ್ದರೆ ಸಾಕು, ಗೆರೆ ಬೀಳುವುದಿಲ್ಲ. ಇದರಲ್ಲೂ ಸೋರಿಕೆಯಿದೆ: ಇಂಗ್ಲಿಷಿನಲ್ಲಿ ಮಾಡಿದ ತಪ್ಪು ಇನ್ನೊಂದು ಭಾಷೆಯಲ್ಲಿ ಸರಿಪದವಾಗಿದ್ದರೆ ಅದು ನುಸುಳಿಹೋಗುತ್ತದೆ. ಆದರೂ ಸರಿಯಾದದ್ದನ್ನು ತಪ್ಪೆನ್ನುವುದಕ್ಕಿಂತ ಒಂದೆರಡು ತಪ್ಪು ಬಿಟ್ಟುಹೋಗುವುದು ವಾಸಿ.

ಬಳ್ಳಾರಿಯವರಿಗೆ ಹೀಗೆ ಹಲವು ನಿಘಂಟುಗಳನ್ನು ತೆರೆದಿಟ್ಟು ಬದುಕುವುದು ಹೊಸದಲ್ಲ. ತೆಲುಗು ನಾಟಕದ ದೊಡ್ಡ ಹೆಸರುಗಳಾದ ಧರ್ಮವರಂ ರಾಮಕೃಷ್ಣಾಚಾರ್ಯರು ಮತ್ತು ಕೋಲಾಚಲಂ ಶ್ರೀನಿವಾಸರಾಯರು ಇದೇ ಊರಿನಲ್ಲಿ ವಕೀಲಿ ಮಾಡಿಕೊಂಡು ನಾಟಕ ಬರೆದರು. ಬಳ್ಳಾರಿ ರಾಘವ ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ರಂಗ ಏರಿದರು. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರು ಮೊದಲು ಕನ್ನಡವನ್ನು ಹಗುರವಾಗಿ ಕಂಡವರು, ಅ.ನ.ಕೃ. ಅವರ ‘ಸಂಧ್ಯಾರಾಗ’ ಓದಿದ ಮೇಲೆ ಮನಸ್ಸು ತಿರುಗಿ, ಕನ್ನಡದ ದೊಡ್ಡ ಹಾಸ್ಯ ಲೇಖಕರಾದರು. ಅವರು ಇಟ್ಟುಕೊಂಡ ಕಾವ್ಯನಾಮ ಬೀಚಿ. ಅದನ್ನು ಅವರು ಬರೆಯುತ್ತಿದ್ದ ರೀತಿ ಎಲ್ಲರಿಗೂ ಗೊತ್ತು: ‘ಬೀ’ ಕನ್ನಡದಲ್ಲಿ, ‘ಚಿ’ ರೋಮನ್ ಅಕ್ಷರಗಳಲ್ಲಿ. ಎರಡೇ ಅಕ್ಷರದ ಹೆಸರಿನ ನಡುವೆಯೇ ಭಾಷೆ ಬದಲಾಗುತ್ತದೆ. ಎಷ್ಟು ಚಿಕ್ಕ ತುಂಡು ಮಾಡಿಕೊಂಡರೂ ಯಂತ್ರಕ್ಕೆ ಇದು ದಕ್ಕುವುದಿಲ್ಲ. ಓದುಗರಿಗೆ ಒಂದು ದಿನವೂ ಕಷ್ಟವಾಗಲಿಲ್ಲ.

ಪಾರ್ವತಿನಗರದ ಪತ್ರಕ್ಕೆ ಮರಳೋಣ. ಪಹಣಿಯ ಕೆಳಗೂ ಗೆರೆ, ಅಡಂಗಲ್ ಕೆಳಗೂ ಗೆರೆ. ಗೆರೆಗೆ ಹೆದರಿ ಅವರು ಅವನ್ನು ಅಳಿಸಿ, ಮೂವರಿಗೂ ಇಂಗ್ಲಿಷಿನಲ್ಲೇ ಬರೆದುಬಿಡಬಹುದು. ಆಗ ಪರದೆ ಶುಭ್ರವಾಗುತ್ತದೆ. ಅತ್ತಿಗೆ ಅದನ್ನು ಓದಿಸಿಕೊಳ್ಳಲು ಪಕ್ಕದ ಮನೆಯ ಹುಡುಗನನ್ನು ಕರೆಯಬೇಕಾಗುತ್ತದೆ. ಹೀಗೆ ಎಷ್ಟು ಮನೆಗಳ ಪತ್ರಗಳು ಸದ್ದಿಲ್ಲದೆ ಒಂದೇ ಭಾಷೆಗೆ ತಿರುಗಿವೆಯೋ ಲೆಕ್ಕ ಇಟ್ಟವರಿಲ್ಲ. ಆ ಗೆರೆಗೆ ಅರ್ಥ ಒಂದೇ, ಈ ಪದ ನನ್ನ ಪಟ್ಟಿಯಲ್ಲಿಲ್ಲ ಎಂದು. ಪತ್ರದಲ್ಲಿ ತಪ್ಪಿದೆ ಎಂದು ಅಲ್ಲ. ಇಷ್ಟು ತಿಳಿದಿದ್ದರೆ ಗೆರೆಗಳ ಸಮೇತ ಪತ್ರವನ್ನು ಕಳಿಸಬಹುದು. ಗೆರೆಗಳು ಬರೆದವರ ಪರದೆಯಲ್ಲೇ ಉಳಿಯುತ್ತವೆ, ಆದೋನಿಗೆ ಹೋಗುವುದು ಮಾತು ಮಾತ್ರ.